ಓಝೋನ್ ಪದರ ಮತ್ತು ಥಾಮಸ್ ಮಿಡ್ಗ್ಲಿಯವರ ಬದುಕು

ನಿಮ್ಮ ಮನೆಯ ಫ್ರಿಜ್ಜಿನ ಹಿಂಬದಿಯನ್ನು ಎಂದಾದರೂ ನೋಡಿದ್ದೀರಾ? ಕೆಳಗೆ ಗುಂಯ್ ಎನ್ನುವ ಕಂಪ್ರೆಸರ್, ಅದಕ್ಕೆ ಜೋಡಿಸಿದ ಸಣ್ಣ ಕೊಳವೆಗಳು. ಆ ಕೊಳವೆಗಳೊಳಗೆ ಒಂದು ಅನಿಲ ಸುತ್ತುತ್ತಿರುತ್ತದೆ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದು ಅದರ ಕೆಲಸ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿ ದುಡಿದವರಿದ್ದಾರೆ. ಅವರನ್ನು ಕೇಳಿದರೆ ಆರ್-12, ಆರ್-22 ಎಂದು ಗ್ಯಾಸ್ ಸಿಲಿಂಡರುಗಳ ಹೆಸರು ಹೇಳಿಯಾರು. ಈ ಆರ್-12 ಎಂಬ ಅನಿಲವನ್ನು ಫ್ರಿಜ್ಜಿನೊಳಗೆ ಕೂರಿಸಿದವರು ಅಮೆರಿಕದ ಥಾಮಸ್ ಮಿಡ್ಗ್ಲಿ.

ಹೈಸ್ಕೂಲಿನಲ್ಲಿ ನಾವೆಲ್ಲ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ್ದೇವೆ. ಕ್ಲೋರೋಫ್ಲೋರೋಕಾರ್ಬನ್ನುಗಳಿಂದ ಓಝೋನ್ ಪದರ ತೆಳುವಾಗುತ್ತದೆ ಎಂಬ ವಾಕ್ಯ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಅನಿಲವನ್ನು ಯಾರು ಮಾಡಿದರು, ಯಾಕೆ ಮಾಡಿದರು, ಮಾಡುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಜಗತ್ತಿಗೆ ಅತಿ ಹೆಚ್ಚು ಕೇಡು ಮಾಡಿದ ಸಂಶೋಧಕರು ಯಾರು ಎಂಬ ಪಟ್ಟಿ ಬಂದಾಗಲೆಲ್ಲ ಮಿಡ್ಗ್ಲಿಯವರ ಹೆಸರು ಮೊದಲು ಬರುತ್ತದೆ. ಅದು ಪೂರ್ತಿ ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. ಪೂರ್ತಿ ಅನ್ಯಾಯವೂ ಅಲ್ಲ. ಯಾಕೆಂದು ಅವರ ಬದುಕನ್ನು ನೋಡಿ ನೀವೇ ತೀರ್ಮಾನಿಸಿ.

ಮಿಡ್ಗ್ಲಿ ಹುಟ್ಟಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ಬೆಳೆದದ್ದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ತಂದೆ ವಾಹನದ ಟಯರುಗಳ ಬಗ್ಗೆ ಹೊಸತು ಹುಡುಕುತ್ತಿದ್ದವರು. ತಾಯಿಯ ತಂದೆ ಗರಗಸಕ್ಕೆ ಹಲ್ಲುಗಳನ್ನು ಬೇರೆಯಾಗಿ ಜೋಡಿಸುವ ವಿಧಾನ ಕಂಡುಹಿಡಿದವರು. ಹೀಗೆ ಮನೆಯಲ್ಲೇ ಆ ಗಾಳಿ ಇತ್ತು. ಶಾಲೆಯಲ್ಲಿ ಬೇಸ್‌ಬಾಲ್ ಆಡುವಾಗ ಒಂದು ಮರದ ತೊಗಟೆಯ ಲೋಳೆಯನ್ನು ಚೆಂಡಿಗೆ ಸವರಿ ಅದನ್ನು ಗಾಳಿಯಲ್ಲಿ ಬಾಗಿಸುವ ಉಪಾಯ ಹುಡುಕಿದ ಹುಡುಗ ಅವರು. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದರು. ಇಲ್ಲಿ ಗಮನಿಸಿ. ಅವರು ಓದಿದ್ದು ಯಂತ್ರಶಾಸ್ತ್ರ, ಹೆಸರು ಮಾಡಿದ್ದು ರಸಾಯನಶಾಸ್ತ್ರದಲ್ಲಿ. ರಸಾಯನಶಾಸ್ತ್ರವನ್ನು ಕೆಲಸ ಮಾಡುತ್ತಲೇ ಕಲಿತರು.

1916ರಲ್ಲಿ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಪ್ರಸಿದ್ಧ ಸಂಶೋಧಕರ ಕೈಕೆಳಗೆ ಸೇರಿದರು. ಮುಂದೆ ಆ ಪ್ರಯೋಗಶಾಲೆ ಜನರಲ್ ಮೋಟರ್ಸ್ ಕಂಪನಿಯ ಪಾಲಾಯಿತು. ಕೆಟರಿಂಗ್ ಕೊಟ್ಟ ಮೊದಲ ದೊಡ್ಡ ಕೆಲಸ ಕಾರಿನ ಇಂಜಿನ್ನಿನ ಬಡಿತ ನಿಲ್ಲಿಸುವುದು. ಏರು ಹತ್ತುವಾಗ ಹಳೆಯ ಗಾಡಿಗಳ ಇಂಜಿನ್ ಟಕಟಕ ಬಡಿಯುವುದನ್ನು ನೀವು ಕೇಳಿರಬಹುದು. ಇಂಧನ ಒಂದೇ ಹದದಲ್ಲಿ ಉರಿಯದೆ ಸಿಡಿಯುವುದರಿಂದ ಹಾಗಾಗುತ್ತದೆ. ಇಂಧನಕ್ಕೆ ಕೆಂಪು ಬಣ್ಣ ಬೆರೆಸಿದರೆ ಅದು ಬೇಗ ಬಿಸಿ ಹೀರಿಕೊಂಡು ಸರಿಯಾಗಿ ಉರಿದೀತು ಎಂಬುದು ಅವರಿಬ್ಬರ ಊಹೆಯಾಗಿತ್ತು. ಕೈಗೆ ಸಿಕ್ಕಿದ್ದು ಅಯೋಡಿನ್. ಹಾಕಿದರು, ಬಡಿತ ನಿಂತಿತು! ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಒಂದೂ ಕೆಲಸ ಮಾಡಲಿಲ್ಲ. ಊಹೆ ತಪ್ಪು, ಉತ್ತರ ಮಾತ್ರ ಸರಿ.

ಅಲ್ಲಿಂದ ಒಂದೊಂದೇ ವಸ್ತುವನ್ನು ಪರೀಕ್ಷಿಸುತ್ತ ವರ್ಷಗಳು ಕಳೆದವು. ಟೆಲ್ಲೂರಿಯಂ ಚೆನ್ನಾಗಿ ಕೆಲಸ ಮಾಡಿತು, ಆದರೆ ಅದನ್ನು ಮುಟ್ಟಿದವರ ಮೈಯಿಂದ ಬೆಳ್ಳುಳ್ಳಿಯಂತಹ ನಾತ ಹೋಗುತ್ತಿರಲಿಲ್ಲ. ಕೊನೆಗೆ 1921ರ ಡಿಸೆಂಬರ್ 9ರಂದು ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. ತುಸುವೇ ಬೆರೆಸಿದರೆ ಸಾಕಿತ್ತು. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಅದರ ಮಾರಾಟ ಶುರುವಾಯಿತು. ಸೀಸ ಎಂಬ ಮಾತನ್ನು ಬಿಟ್ಟು ಈಥೈಲ್ ಎಂದು ಹೆಸರಿಟ್ಟರು.

ಸೀಸ ವಿಷವೆಂಬುದು ಆಗ ಹೊಸ ಸಂಗತಿಯಾಗಿರಲಿಲ್ಲ. ಪ್ರಾಚೀನ ರೋಮನರ ಕಾಲದಿಂದಲೂ ಗೊತ್ತಿದ್ದ ವಿಷಯ. ಸ್ವತಃ ಮಿಡ್ಗ್ಲಿಯವರೇ 1923ರ ಆರಂಭದಲ್ಲಿ ಸೀಸದ ವಿಷ ತಗಲಿ, ಕೆಲಸ ಬಿಟ್ಟು ಫ್ಲಾರಿಡಾದ ಬಿಸಿಲಿಗೆ ವಿಶ್ರಾಂತಿಗಾಗಿ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಕಾರ್ಖಾನೆಯಲ್ಲಿ ಇದೇ ವಸ್ತುವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆ ಹಿಡಿದು, ಒದ್ದಾಡಿ ಸತ್ತರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಅದೇ ತಿಂಗಳ 30ರಂದು ಮಿಡ್ಗ್ಲಿ ಪತ್ರಕರ್ತರ ಮುಂದೆ ನಿಂತು, ಆ ದ್ರವವನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಅದರ ಆವಿಯನ್ನು ಮೂಸಿ, ಇದರಿಂದ ಏನೂ ಆಗದು ಎಂದು ತೋರಿಸಿದರು. ತಾವೇ ಅದರಿಂದ ಕಾಯಿಲೆ ಬಿದ್ದು ಇನ್ನೂ ಎರಡು ವರ್ಷ ತುಂಬಿರಲಿಲ್ಲ!

ಬೇರೆ ದಾರಿಯೂ ಇತ್ತು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದರೂ ಬಡಿತ ನಿಲ್ಲುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಾರು ಬೇಕಾದರೂ ತಯಾರಿಸಬಹುದಾದ ಆಲ್ಕೋಹಾಲಿನಲ್ಲಿ ಕಂಪನಿಗೆ ಏಕಸ್ವಾಮ್ಯದ ಲಾಭ ಸಿಗುವಂತಿರಲಿಲ್ಲ. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವಂತಾಯಿತು. ನೂರು ವರ್ಷ ಸುತ್ತಿ ಬಂದು ಅದೇ ಆಲ್ಕೋಹಾಲಿನ ಬಾಗಿಲಿಗೆ! ನಡುವಿನ ಅವಧಿಯಲ್ಲಿ ಎಷ್ಟು ಮಕ್ಕಳ ರಕ್ತಕ್ಕೆ, ಎಷ್ಟು ಮಕ್ಕಳ ಮೆದುಳಿಗೆ ಸೀಸ ಸೇರಿತೋ ಲೆಕ್ಕವಿಟ್ಟವರಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ 2021ರಲ್ಲಿ ಅಲ್ಜೀರಿಯಾ ದೇಶ ಅದನ್ನು ನಿಲ್ಲಿಸಿತು.

ಈ ಲೆಕ್ಕದಲ್ಲಿ ಮಿಡ್ಗ್ಲಿಯವರನ್ನು ಬಿಡಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದರು. ಆದರೆ ಓಝೋನಿನ ಕಥೆ ಬೇರೆ.

1928ರಲ್ಲಿ ಕೆಟರಿಂಗ್ ಅವರಿಗೆ ಇನ್ನೊಂದು ಕೆಲಸ ಒಪ್ಪಿಸಿದರು. ಆಗಿನ ಫ್ರಿಜ್ಜುಗಳಲ್ಲಿ ತುಂಬುತ್ತಿದ್ದದ್ದು ಅಮೋನಿಯ, ಸಲ್ಫರ್ ಡೈಆಕ್ಸೈಡ್ ಅಥವಾ ಮೀಥೈಲ್ ಕ್ಲೋರೈಡ್. ಬಂದರಿನ ಐಸ್ ಪ್ಲಾಂಟಿನ ಬಳಿ ಹಾದು ಹೋದವರಿಗೆ ಅಮೋನಿಯದ ಘಾಟು ಗೊತ್ತು. ಮೂಗಿಗೆ ಬಡಿದರೆ ಕಣ್ಣಲ್ಲಿ ನೀರು. ಮೀಥೈಲ್ ಕ್ಲೋರೈಡ್ ಇನ್ನೂ ಕೆಟ್ಟದ್ದು. ಅದರ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ರಾತ್ರಿ ಕೊಳವೆ ಸೋರಿ, ಮಲಗಿದ್ದವರು ಹಾಗೆಯೇ ಸತ್ತ ಘಟನೆಗಳು ಅಮೆರಿಕದ ನಗರಗಳಲ್ಲಿ ನಡೆದಿದ್ದವು. ಹಾಲು, ಮಾಂಸ, ಔಷಧಿ ಕೆಡದಂತೆ ಇಡಲು ಫ್ರಿಜ್ ಬೇಕು, ಆದರೆ ಮಕ್ಕಳಿರುವ ಮನೆಯಲ್ಲಿ ವಿಷದ ಪೆಟ್ಟಿಗೆ ಇಡುವುದು ಹೇಗೆ? ಉರಿಯದ, ವಿಷವಲ್ಲದ, ಅಗ್ಗವಾದ ಒಂದು ಅನಿಲ ಬೇಕಾಗಿತ್ತು. ಇದಕ್ಕಿಂತ ಒಳ್ಳೆಯ ಉದ್ದೇಶ ಏನಿರಲು ಸಾಧ್ಯ? ಕರ್ಮದ ತೂಕ ನಿಯ್ಯತ್ತಿನ ಮೇಲೆ ಎಂದು ಕಲಿತವರು ನಾವು. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಮಿಡ್ಗ್ಲಿ ಮೂಲವಸ್ತುಗಳ ಆವರ್ತಕ ಕೋಷ್ಟಕವನ್ನು ಮುಂದಿಟ್ಟುಕೊಂಡು ಕುಳಿತರು. ಅನಿಲರೂಪದ ಸಂಯುಕ್ತ ಕೊಡಬಲ್ಲ ಮೂಲವಸ್ತುಗಳು ಕೋಷ್ಟಕದ ಬಲಭಾಗದಲ್ಲಿವೆ. ಎಡದಿಂದ ಬಲಕ್ಕೆ ಹೋದಂತೆ ಬೆಂಕಿ ಹಿಡಿಯುವ ಗುಣ ಕಡಿಮೆಯಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋದಂತೆ ವಿಷದ ಗುಣ ಕಡಿಮೆಯಾಗುತ್ತದೆ. ಎರಡೂ ಗೆರೆಗಳು ಸೇರುವ ಮೂಲೆಯಲ್ಲಿ ಇದ್ದದ್ದು ಫ್ಲೋರಿನ್. ಫ್ಲೋರಿನ್ ಸ್ವತಃ ಘೋರ ವಿಷ. ಆದರೆ ಇಂಗಾಲದ ಜೊತೆ ಗಟ್ಟಿಯಾಗಿ ಬೆಸೆದರೆ ಅದರ ವಿಷ ಹೊರಬರಲಾರದು ಎಂದು ಅವರು ಎಣಿಸಿದರು. ಇನ್ನೊಂದು ತಮಾಷೆ ಕೇಳಿ. ಇಂಗಾಲ ಮತ್ತು ಫ್ಲೋರಿನ್‌ನ ಒಂದು ಸಂಯುಕ್ತದ ಕುದಿಬಿಂದು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಎಂದು ಅವರ ಬಳಿಯಿದ್ದ ಕೈಪಿಡಿಯಲ್ಲಿ ಅಚ್ಚಾಗಿತ್ತು. ಫ್ರಿಜ್ಜಿಗೆ ಹೇಳಿ ಮಾಡಿಸಿದ ಹಾಗೆ! ಅವರ ಗಮನ ಆ ಕಡೆ ತಿರುಗಲು ಅದೂ ಒಂದು ಕಾರಣ. ನಿಜವಾದ ಅಂಕಿ ಸೊನ್ನೆಗಿಂತ 128 ಡಿಗ್ರಿ ಕೆಳಗೆ. ಕೈಪಿಡಿಯ ಅಂಕಿಯೇ ತಪ್ಪಾಗಿತ್ತು.

ಆ ಸಂಯುಕ್ತದ ಬದಲು ಕ್ಲೋರಿನ್ ಮತ್ತು ಫ್ಲೋರಿನ್ ಎರಡೂ ಇರುವ ಡೈಕ್ಲೋರೋಡೈಫ್ಲೋರೋಮೀಥೇನ್ ಎಂಬ ಅನಿಲವನ್ನು ಆರಿಸಿಕೊಂಡರು. ಸಹೋದ್ಯೋಗಿಗಳಾದ ಆಲ್ಬರ್ಟ್ ಹೆನ್ನೆ ಮತ್ತು ರಾಬರ್ಟ್ ಮೆಕ್‌ನರಿ ಜೊತೆಗಿದ್ದರು. ಮೂರೇ ದಿನಗಳಲ್ಲಿ ಕೆಲಸವಾಯಿತು. ಅದನ್ನು ತಯಾರಿಸಲು ಬೇಕಾದ ಆಂಟಿಮನಿ ಟ್ರೈಫ್ಲೋರೈಡ್ ಎಂಬ ವಸ್ತುವಿನ ಐದು ಸಣ್ಣ ಸೀಸೆಗಳನ್ನು ತರಿಸಿದ್ದರು. ಐದರಲ್ಲಿ ಒಂದನ್ನು ಎತ್ತಿಕೊಂಡು ಕೆಲವು ಗ್ರಾಂ ಅನಿಲ ಮಾಡಿದರು. ಗಾಜಿನ ಗಂಟೆಯೊಳಗೆ ಒಂದು ಗಿನಿಹಂದಿಯನ್ನಿಟ್ಟು ಅನಿಲವನ್ನು ಬಿಟ್ಟರು. ಗಿನಿಹಂದಿ ಏದುಸಿರು ಕೂಡ ಬಿಡಲಿಲ್ಲ. ಎಲ್ಲರಿಗೂ ಸಂತೋಷ. ಎರಡನೆಯ ಸೀಸೆಯಿಂದ ಮಾಡಿದ ಅನಿಲಕ್ಕೆ ಗಿನಿಹಂದಿ ಸತ್ತುಹೋಯಿತು! ಪರೀಕ್ಷಿಸಿ ನೋಡಿದರೆ, ಐದರಲ್ಲಿ ನಾಲ್ಕು ಸೀಸೆಗಳಲ್ಲಿ ನೀರಿನ ಅಂಶ ಸೇರಿ ಕೆಟ್ಟಿತ್ತು, ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತಿತ್ತು. ಅನಿಲವನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಆ ವಿಷ ಹೋಗುತ್ತಿತ್ತು. ಮೊದಲು ಕೈಗೆ ಸಿಕ್ಕಿದ್ದು ಒಳ್ಳೆಯ ಸೀಸೆಯಾಗಿತ್ತು, ಅಷ್ಟೇ. ಕೆಟ್ಟ ಸೀಸೆ ಮೊದಲು ಸಿಕ್ಕಿದ್ದರೆ ತಮ್ಮ ಊಹೆಯೇ ತಪ್ಪೆಂದು ಕೈಬಿಡುತ್ತಿದ್ದೆವೇನೋ ಎಂದು ಮಿಡ್ಗ್ಲಿಯವರೇ ಮುಂದೆ ನೆನೆದುಕೊಂಡಿದ್ದಾರೆ. ಆಕಾಶದ ಭವಿಷ್ಯ ಐದು ಸೀಸೆಗಳ ನಡುವೆ ನಿಂತಿತ್ತೆಂದರೆ ಮೈ ಜುಮ್ಮೆನ್ನುತ್ತದೆ.

1930ರ ಏಪ್ರಿಲ್‌ನಲ್ಲಿ ಅಮೆರಿಕದ ರಸಾಯನಶಾಸ್ತ್ರ ಸಂಘದ ಸಭೆ ಅಟ್ಲಾಂಟಾದಲ್ಲಿ ನಡೆಯಿತು. ಮಿಡ್ಗ್ಲಿ ವೇದಿಕೆಯ ಮೇಲೆ ಈ ಹೊಸ ಅನಿಲವನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ನಿಧಾನವಾಗಿ ಬಿಟ್ಟರು. ಬತ್ತಿ ನಂದಿತು, ಅವರಿಗೆ ಏನೂ ಆಗಲಿಲ್ಲ. ವಿಷವೂ ಅಲ್ಲ, ಬೆಂಕಿಯೂ ಹಿಡಿಯುವುದಿಲ್ಲ. ಸೀಸದ ಪ್ರದರ್ಶನದಂತೆ ಇದು ಕಣ್ಕಟ್ಟಲ್ಲ, ಈ ಸಲ ತೋರಿಸಿದ್ದೆಲ್ಲ ಸತ್ಯ. ಅದೇ ವರ್ಷ ಜನರಲ್ ಮೋಟರ್ಸ್ ಮತ್ತು ಡ್ಯೂಪಾಂಟ್ ಕಂಪನಿಗಳು ಕೂಡಿ ಅದನ್ನು ತಯಾರಿಸಲು ಹೊಸ ಕಂಪನಿ ಕಟ್ಟಿದವು. ಫ್ರಿಯಾನ್ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಫ್ರಿಜ್ಜುಗಳಿಗೆ, ಏರ್ ಕಂಡೀಷನರುಗಳಿಗೆ, ಸೊಳ್ಳೆ ಔಷಧಿಯ ಡಬ್ಬಿಗಳಿಗೆ, ಉಬ್ಬಸದವರ ಇನ್‌ಹೇಲರಿಗೆ, ಸ್ಪಂಜು ಉಬ್ಬಿಸಲು, ಹೀಗೆ ಎಲ್ಲೆಡೆ ಬಳಕೆಗೆ ಬಂತು.

ಈಗ ಒಂದು ವಿಚಿತ್ರ ನೋಡಿ. ವಾಯುಮಂಡಲದ ಮೇಲ್ಭಾಗದಲ್ಲಿ ಓಝೋನ್ ಇದೆ ಎಂದು ಫ್ರಾನ್ಸಿನ ಫಾಬ್ರಿ ಮತ್ತು ಬ್ಯೂಸನ್ 1913ರಲ್ಲಿಯೇ ಕಂಡುಕೊಂಡಿದ್ದರು. ಅದು ಹೇಗೆ ಹುಟ್ಟುತ್ತದೆ, ಹೇಗೆ ಅಳಿಯುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಸಿಡ್ನಿ ಚಾಪ್ಮನ್ ಪ್ರಕಟಿಸಿದ್ದು ಅದೇ 1930ರಲ್ಲಿ. ಒಂದು ಕಡೆ ಮಿಡ್ಗ್ಲಿ ಬತ್ತಿ ನಂದಿಸುತ್ತಿದ್ದಾರೆ, ಇನ್ನೊಂದು ಕಡೆ ಚಾಪ್ಮನ್ ಓಝೋನಿನ ಲೆಕ್ಕ ಬರೆಯುತ್ತಿದ್ದಾರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಜಗತ್ತಿಗೆ ಇನ್ನೂ 44 ವರ್ಷ ಬೇಕಾಯಿತು.

ಓಝೋನ್ ಎಂದರೆ ಮೂರು ಆಮ್ಲಜನಕ ಪರಮಾಣುಗಳ ಕೂಟ. ನೆಲಮಟ್ಟದಲ್ಲಿ ಅದು ಶ್ವಾಸಕೋಶಕ್ಕೆ ಕೆಡುಕು. ಆದರೆ ನಮ್ಮಿಂದ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಪದರವೆಂದ ಕೂಡಲೇ ದಪ್ಪ ಹೊದಿಕೆಯನ್ನು ಕಲ್ಪಿಸಿಕೊಳ್ಳಬೇಡಿ. ಮೇಲಿರುವ ಓಝೋನನ್ನೆಲ್ಲ ಕೆಳಗೆ ತಂದು ಸಮುದ್ರಮಟ್ಟದಲ್ಲಿ ಹರಡಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್. ಆಕಾಶವನ್ನು ಸುರಕ್ಷಿತ ಚಾವಣಿ ಎಂದು ಓದಿ ಬೆಳೆದ ನಮಗೆ, ಆ ಚಾವಣಿಯ ಒಂದು ಹೆಂಚು ಇಷ್ಟು ತೆಳು ಎಂದು ತಿಳಿದರೆ ಆಶ್ಚರ್ಯವಾಗಬೇಕು.

ಮಿಡ್ಗ್ಲಿಯವರ ಅನಿಲದ ದೊಡ್ಡ ಗುಣವೇ ಮುಳುವಾಯಿತು. ಅದು ಯಾವುದರ ಜೊತೆಗೂ ಕೂಡುವುದಿಲ್ಲ. ಮಳೆಯಲ್ಲಿ ತೊಳೆದು ಹೋಗುವುದಿಲ್ಲ, ನೆಲದಲ್ಲಿ ಇಂಗುವುದಿಲ್ಲ, ಕೊಳೆಯುವುದಿಲ್ಲ. ಫ್ರಿಜ್ಜಿನಿಂದ ಸೋರಿದ್ದು ವರ್ಷಗಟ್ಟಲೆ ತೇಲುತ್ತ ಮೇಲೇರಿ, ಓಝೋನ್ ಪದರದ ಎತ್ತರಕ್ಕೆ ಮುಟ್ಟುತ್ತದೆ. ಅಲ್ಲಿಯ ತೀಕ್ಷ್ಣ ಕಿರಣ ಅದನ್ನು ಒಡೆದು ಕ್ಲೋರಿನ್ ಪರಮಾಣುವನ್ನು ಬಿಡಿಸುತ್ತದೆ. ಆ ಕ್ಲೋರಿನ್ ಓಝೋನಿನಿಂದ ಒಂದು ಆಮ್ಲಜನಕವನ್ನು ಕಿತ್ತುಕೊಂಡು, ಅದನ್ನು ಇನ್ನೊಂದಕ್ಕೆ ಒಪ್ಪಿಸಿ, ಖಾಲಿ ಕೈಯಲ್ಲಿ ಮತ್ತೆ ಮುಂದಿನ ಓಝೋನಿನತ್ತ ಹೊರಡುತ್ತದೆ. ಹೀಗೆ ಒಂದೇ ಪರಮಾಣು ಒಂದು ಲಕ್ಷದವರೆಗೆ ಓಝೋನ್ ಅಣುಗಳನ್ನು ಮುಗಿಸಬಲ್ಲದು. ಆರ್-12 ವಾಯುಮಂಡಲದಲ್ಲಿ ಉಳಿಯುವ ಅವಧಿ ಸರಾಸರಿ ನೂರು ವರ್ಷ. ಅಟ್ಲಾಂಟಾದ ಆ ವೇದಿಕೆಯಿಂದ ಹೊರಟ ಅನಿಲದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇನ್ನೂ ಗಾಳಿಯಲ್ಲಿದೆ.

ಮಿಡ್ಗ್ಲಿಯವರಿಗೆ ಇದೊಂದೂ ತಿಳಿಯಲಿಲ್ಲ. ಅವರಿಗೆ ಸಿಕ್ಕಿದ್ದು ಬರೀ ಗೌರವ. ನೂರಕ್ಕೂ ಹೆಚ್ಚು ಪೇಟೆಂಟುಗಳು, 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ, 1944ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಸಂಘದ ಅಧ್ಯಕ್ಷತೆ. ಆದರೆ ದೇಹ ಕೈಕೊಟ್ಟಿತು. 1940ರಲ್ಲಿ, 51ನೇ ವಯಸ್ಸಿನಲ್ಲಿ ಪೋಲಿಯೋ ತಗಲಿ ಕಾಲುಗಳ ಶಕ್ತಿ ಹೋಯಿತು. ಇತರರ ಹಂಗಿಲ್ಲದೆ ಹಾಸಿಗೆಯಿಂದ ಏಳಲು ಹಗ್ಗ ಮತ್ತು ರಾಟೆಗಳ ಒಂದು ಸಾಧನವನ್ನು ತಾವೇ ಮಾಡಿಕೊಂಡರು. 1944ರ ನವೆಂಬರ್ 2ರಂದು, ಒಹಾಯೋದ ವರ್ದಿಂಗ್ಟನ್‌ನ ತಮ್ಮ ಮನೆಯಲ್ಲಿ, ಅದೇ ಹಗ್ಗಗಳ ನಡುವೆ ಅವರು ಸತ್ತು ಬಿದ್ದಿದ್ದರು. ಅದು ಆಕಸ್ಮಿಕ ಎಂದು ಕೆಲವರು, ಅಲ್ಲ ಎಂದು ಕೆಲವರು. ಅದು ಅವರ ಮತ್ತು ಸೃಷ್ಟಿಕರ್ತನ ನಡುವಿನ ವಿಷಯ. ಆಗ ಅವರಿಗೆ 55 ವರ್ಷ.

ಮುಂದಿನದು ಅವರಿಲ್ಲದ ಕಥೆ, ಆದರೆ ಅವರ ಲೆಕ್ಕಕ್ಕೇ ಸೇರುವ ಕಥೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಒಂದು ಹಡಗಿನಲ್ಲಿ ಅಂಟಾರ್ಕ್ಟಿಕದವರೆಗೆ ಹೋಗಿ, ದಾರಿಯುದ್ದಕ್ಕೂ ಗಾಳಿಯನ್ನು ಅಳೆದರು. ಯಾವ ಕಾರ್ಖಾನೆಯೂ ಇಲ್ಲದ ನಡುಸಮುದ್ರದಲ್ಲೂ ಈ ಅನಿಲಗಳಿದ್ದವು. ಹಾಗಾದರೆ ಇವು ಕೊನೆಗೆ ಹೋಗುವುದೆಲ್ಲಿಗೆ ಎಂದು ಕ್ಯಾಲಿಫೋರ್ನಿಯಾದ ಶೆರ್ವುಡ್ ರೋಲ್ಯಾಂಡ್ ಮತ್ತು ಮೆಕ್ಸಿಕೋದಿಂದ ಬಂದಿದ್ದ ತರುಣ ಮಾರಿಯೋ ಮೊಲಿನಾ ಕೇಳಿಕೊಂಡರು. ಉತ್ತರವನ್ನು 1974ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಜಗತ್ತು ವರ್ಷಕ್ಕೆ ಸುಮಾರು 8 ಲಕ್ಷ ಟನ್ ಸಿ.ಎಫ್.ಸಿ. ತಯಾರಿಸುತ್ತಿತ್ತು. ಕಂಪನಿಗಳು ಅವರನ್ನು ಗೇಲಿ ಮಾಡಿದವು, ಪುರಾವೆ ಕೇಳಿದವು.

ಪುರಾವೆ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಅಂಟಾರ್ಕ್ಟಿಕದ ಹ್ಯಾಲಿ ಬೇ ಎಂಬ ಬ್ರಿಟಿಷ್ ಕೇಂದ್ರದಲ್ಲಿ 1950ರ ದಶಕದಿಂದ ಹಳೆಯ ಮಾದರಿಯ ಉಪಕರಣದಲ್ಲಿ ಓಝೋನನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಕ್ಟೋಬರ್ ತಿಂಗಳಲ್ಲಿ ಸುಮಾರು 300 ಇರುತ್ತಿದ್ದ ಅಂಕಿ 1984ರ ಹೊತ್ತಿಗೆ ಸುಮಾರು 200ಕ್ಕೆ ಇಳಿದಿತ್ತು. ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಅದನ್ನು 1985ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಕೋಟಿಗಟ್ಟಲೆ ಬೆಲೆಯ ಉಪಗ್ರಹವೂ ಅದೇ ಕುಸಿತವನ್ನು ಕಂಡಿತ್ತು. ಆದರೆ ಇಷ್ಟು ಕಡಿಮೆ ಅಂಕಿ ಇರಲಾರದೆಂದು ಕಂಪ್ಯೂಟರ್ ಅದನ್ನು ಅನುಮಾನದ ಪಟ್ಟಿಗೆ ಹಾಕಿತ್ತು! ದಿನಾ ಒಂದೇ ಅಂಕಿ ಬರೆಯುವ ಬೇಸರದ ಕೆಲಸ ಮಾಡುವವರನ್ನು ಕಂಡರೆ ಅಂದಿನಿಂದ ನನಗೆ ಹೆಚ್ಚಿನ ಗೌರವ.

ಅನಿಲ ಸೋರಿದ್ದು ಹೆಚ್ಚಾಗಿ ಉತ್ತರದ ದೇಶಗಳಲ್ಲಿ, ತೂತು ಬಿದ್ದದ್ದು ದಕ್ಷಿಣ ಧ್ರುವದ ಮೇಲೆ. ಇದು ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಲ್ಲಿ ಚಳಿಗಾಲದ ಕತ್ತಲಲ್ಲಿ ಮೇಲಿನ ಗಾಳಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ತಣ್ಣಗಾಗಿ, ವಿಶೇಷ ಬಗೆಯ ಮೋಡಗಳು ಕಟ್ಟುತ್ತವೆ. ಅವುಗಳ ಮೇಲೆ ಕ್ಲೋರಿನ್ ಸಿದ್ಧವಾಗಿ ಕಾದಿರುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ಮರಳಿ ಬಂದ ಕೂಡಲೇ ನಾಶ ಆರಂಭ. 2006ರಲ್ಲಿ ಈ ತೂತಿನ ವಿಸ್ತಾರ 2 ಕೋಟಿ 70 ಲಕ್ಷ ಚದರ ಕಿಲೋಮೀಟರ್ ದಾಟಿತ್ತು. ಭಾರತದ ಎಂಟು ಪಟ್ಟು.

ಜೀವಿಗಳಿಗೆ ಆಗುವುದೇನು? ಅತಿನೇರಳೆ ಕಿರಣಗಳಲ್ಲಿ ಬಿ ಎಂಬ ವರ್ಗ ಮುಖ್ಯ. ಅದು ಜೀವಕೋಶದೊಳಗಿನ ಡಿ.ಎನ್.ಎ. ಎಳೆಯ ಅಕ್ಕಪಕ್ಕದ ಕೊಂಡಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೋಶ ಅದನ್ನು ದುರಸ್ತಿ ಮಾಡಿಕೊಳ್ಳುತ್ತದೆ. ದುರಸ್ತಿ ತಪ್ಪಿದರೆ ಚರ್ಮದ ಕ್ಯಾನ್ಸರ್. ಬಿಳಿಯ ಚರ್ಮದವರಿಗೆ ಅಪಾಯ ಹೆಚ್ಚು, ನಮಗೆ ಕಡಿಮೆ. ಆದರೆ ಕಣ್ಣಿಗೆ ಆ ಭೇದವಿಲ್ಲ. ಕಣ್ಣಿನ ಪೊರೆ ಎಲ್ಲರಿಗೂ ಬರುತ್ತದೆ. ದೇಹದ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಸೋಯಾ ಅವರೆಯಂತಹ ಬೆಳೆಗಳ ಕೆಲವು ತಳಿಗಳು ಸೊರಗುತ್ತವೆ. ಅಮೆರಿಕದ ಒರೆಗಾನ್ ರಾಜ್ಯದ ಬೆಟ್ಟದ ಕೊಳಗಳಲ್ಲಿ ಕೆಲವು ಜಾತಿಯ ಕಪ್ಪೆಗಳ ಮೊಟ್ಟೆಗಳಿಗೆ ಈ ಕಿರಣ ತಡೆಯುವ ಮರೆ ಕಟ್ಟಿದಾಗ ಹೆಚ್ಚು ಮರಿಗಳು ಬದುಕಿದವೆಂದು 1994ರಲ್ಲಿ ವರದಿಯಾಯಿತು.

ಎಲ್ಲಕ್ಕಿಂತ ಚಿಂತೆಯ ವಿಷಯ ಕಡಲಿನದು. ನೀರಿನ ಮೇಲ್ಪದರದಲ್ಲಿ ತೇಲುವ ಕಣ್ಣಿಗೆ ಕಾಣದ ಸಸ್ಯಗಳೇ ಸಮುದ್ರದ ಹುಲ್ಲುಗಾವಲು. ಅವನ್ನು ಸೀಗಡಿಯಂತಹ ಕ್ರಿಲ್ ತಿನ್ನುತ್ತದೆ. ಕ್ರಿಲ್ಲನ್ನು ಮೀನು, ಪೆಂಗ್ವಿನ್, ತಿಮಿಂಗಿಲಗಳು ತಿನ್ನುತ್ತವೆ. ತೂತಿನ ಕೆಳಗಿನ ಅಂಟಾರ್ಕ್ಟಿಕ ಕಡಲಿನಲ್ಲಿ ಆ ಸಸ್ಯಗಳ ಉತ್ಪಾದನೆ ಶೇಕಡಾ 6ರಿಂದ 12ರಷ್ಟು ಕುಗ್ಗಿದೆಯೆಂದು 1992ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೀನಿನ ಊಟ ಮಾಡುವ ಕರಾವಳಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಭಯದ ಭರದಲ್ಲಿ ಸುಳ್ಳನ್ನೂ ನಂಬಬಾರದು. ಚಿಲಿ ದೇಶದ ದಕ್ಷಿಣದ ತುದಿಯಲ್ಲಿ ಓಝೋನ್ ತೂತಿನಿಂದ ಕುರಿಗಳು ಕುರುಡಾಗುತ್ತಿವೆ ಎಂಬ ಸುದ್ದಿ ಒಂದು ಕಾಲದಲ್ಲಿ ಜಗತ್ತನ್ನೇ ಸುತ್ತಿತು. ವೈದ್ಯರು ಹೋಗಿ ನೋಡಿದರೆ, ಅದು ಕಣ್ಣಿನ ಸೋಂಕು ರೋಗ. ಹಾಗೆಯೇ, ನಮ್ಮ ತಲೆಯ ಮೇಲೆ ತೂತು ಬಿದ್ದಿಲ್ಲ. ಸಮಭಾಜಕದ ಸುತ್ತ ಓಝೋನ್ ಸಹಜವಾಗಿಯೇ ತುಸು ತೆಳು, ಅಲ್ಲಿ ಆದ ಇಳಿಕೆ ಅಲ್ಪ. ನಮ್ಮ ಬೇಸಿಗೆಯ ಸೆಕೆಗೆ ಓಝೋನ್ ತೂತು ಕಾರಣ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಭೂಮಿ ಬಿಸಿಯಾಗುವುದು ಬೇರೆ ಪಾಠ. ಆ ಪಾಠದಲ್ಲೂ ಸಿ.ಎಫ್.ಸಿ. ಇದೆ ಎಂಬುದು ನಿಜ. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ಆರ್-12 ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 10,000 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ.

1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ವಿರೋಧಿಸುತ್ತಲೇ ಬಂದಿದ್ದ ಡ್ಯೂಪಾಂಟ್ 1988ರಲ್ಲಿ ತಯಾರಿಕೆ ನಿಲ್ಲಿಸಲು ಒಪ್ಪಿತು. 1974ರಿಂದ 1988ರವರೆಗಿನ ಆ 14 ವರ್ಷಗಳನ್ನು ನೀವು ಮಿಡ್ಗ್ಲಿಯವರ ಖಾತೆಗೆ ಬರೆಯಬಾರದು. ಅವು ಕಾರಣ ಗೊತ್ತಿದ್ದೂ ಸುಮ್ಮನಿದ್ದವರ ಖಾತೆಗೆ ಸೇರಬೇಕಾದವು. ಭಾರತ ಮೊದಲು ಸಹಿ ಹಾಕಲಿಲ್ಲ. ಶ್ರೀಮಂತ ದೇಶಗಳು ಕೆಡಿಸಿದ್ದಕ್ಕೆ ಬಡ ದೇಶಗಳು ಬೆಲೆ ತೆರುವುದೇಕೆ ಎಂಬುದು ನಮ್ಮ ವಾದವಾಗಿತ್ತು, ನ್ಯಾಯವಾದ ವಾದವೇ. 1990ರಲ್ಲಿ ಲಂಡನ್ನಿನಲ್ಲಿ ಬಡ ದೇಶಗಳ ನೆರವಿಗೆ ನಿಧಿ ಸ್ಥಾಪನೆಯಾಯಿತು, 1992ರಲ್ಲಿ ಭಾರತ ಸೇರಿತು, 2008ರ ಆಗಸ್ಟಿನಲ್ಲಿ ಗಡುವಿಗಿಂತ ಮೊದಲೇ ಸಿ.ಎಫ್.ಸಿ. ಉತ್ಪಾದನೆ ನಿಲ್ಲಿಸಿತು. ರೋಲ್ಯಾಂಡ್, ಮೊಲಿನಾ ಮತ್ತು ಪಾಲ್ ಕ್ರುಟ್ಸೆನ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ಅಂಟಾರ್ಕ್ಟಿಕದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದು, ಉಳಿದೆಡೆ ಇನ್ನೂ ಬೇಗ, ಎಂದು ವಿಶ್ವಸಂಸ್ಥೆಯ ತಜ್ಞರು 2023ರ ಜನವರಿಯಲ್ಲಿ ತಿಳಿಸಿದರು. ನಡುವೆ ಮೋಸವೂ ನಡೆಯಿತು. ನಿಷೇಧಿತ ಸಿ.ಎಫ್.ಸಿ.-11 ಮತ್ತೆ ಗಾಳಿಗೆ ಬರುತ್ತಿದೆಯೆಂದು 2018ರಲ್ಲಿ ತಿಳಿಯಿತು. ಹೆಚ್ಚಿನ ಪಾಲು ಪೂರ್ವ ಚೀನಾದಿಂದ ಎಂದು ಗಾಳಿಯ ಅಳತೆಗಳೇ ಹೇಳಿದವು, ಆಮೇಲೆ ಅದು ಇಳಿಯಿತು.

ಐ.ಟಿ.ಐ.ಯಲ್ಲಿ ಫ್ರಿಜ್ ಮತ್ತು ಎ.ಸಿ. ಕೆಲಸ ಕಲಿಯುತ್ತಿರುವ ತಮ್ಮಂದಿರಿಗೆ ಕೊನೆಯದಾಗಿ ಒಂದು ಮಾತು. ಈಗಿನ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಎ.ಸಿ.ಗಳಲ್ಲಿ ಆರ್-32. ಇವು ಓಝೋನನ್ನು ಮುಟ್ಟುವುದಿಲ್ಲ, ಆದರೆ ಬೆಂಕಿ ಹಿಡಿಯುತ್ತವೆ, ಎಚ್ಚರ ಬೇಕು. ಹಳೆಯ ಎ.ಸಿ.ಗಳಲ್ಲಿ ಇನ್ನೂ ಆರ್-22 ಇದೆ. ಅದು ಆರ್-12ರಷ್ಟು ಕೆಟ್ಟದ್ದಲ್ಲ, ಆದರೂ ಓಝೋನ್ ತಿನ್ನುತ್ತದೆ. ನಮ್ಮಂತಹ ದೇಶಗಳು ಅದನ್ನು ಕೈಬಿಡಲು 2030ರ ಗಡುವಿದೆ. ರಿಪೇರಿಯ ಗಡಿಬಿಡಿಯಲ್ಲಿ ಪೈಪು ಬಿಚ್ಚಿ ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡುವ ರೂಢಿ ನಮ್ಮಲ್ಲಿದೆ. ಗುಜರಿ ಅಂಗಡಿಯಲ್ಲೂ ಹಳೆಯ ಫ್ರಿಜ್ಜಿನ ಕೊಳವೆಯನ್ನು ಹಾಗೆಯೇ ಕತ್ತರಿಸುತ್ತಾರೆ. ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರ ಸಿಗುತ್ತದೆ. ಅದನ್ನು ಬಳಸುವುದನ್ನು ನಿಮ್ಮ ಮೇಷ್ಟ್ರಿಂದ ಕೇಳಿ ಕಲಿತುಕೊಳ್ಳಿ.